ತಟ್ಟೆ, ಹಗ್ಗ, ಸಂಜೆಯ ನಡಿಗೆ: ನಮ್ಮ ಮನೆಯ ಯೋಜನೆ ಎಲ್ಲಿಗೆ ಬಂತು

ಮಕ್ಕಳಿಗೆ ಬುದ್ಧಿ ಹೇಳುವುದನ್ನು ಕಡಿಮೆ ಮಾಡಿ ಮನೆಯ ಏರ್ಪಾಡನ್ನೇ ಬದಲಿಸಿದರೆ ಊಟವೂ ಆಟವೂ ತಾವಾಗಿಯೇ ಹಳಿಗೆ ಬರುತ್ತವೆಯೇ ಎಂದು ನೋಡುವುದು ನಮ್ಮ ಯೋಜನೆಯ ಉದ್ದೇಶ. ಮನೆಯಲ್ಲಿ ನಾವು ಐವರು: ನಾನು, ಪತಿ, ನನ್ನ ಅತ್ತೆ, ಹತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು. ಕಳೆದ ಬಾರಿ ಬರೆದಾಗ ಅಡುಗೆಮನೆಯ ಕಪಾಟನ್ನು ಹೊಸದಾಗಿ ಜೋಡಿಸುತ್ತಿದ್ದೆವು. ಆ ಕೆಲಸ ಮುಗಿದಿದೆ. ತಿಂಡಿಯ ಡಬ್ಬಗಳು ಮೇಲಿನ ಅರೆಗೆ ಹೋಗಿವೆ, ತೊಳೆದ ಹಣ್ಣು ಮಗಳ ಕೈಗೆ ಎಟಕುವ ಎತ್ತರಕ್ಕೆ ಇಳಿದಿದೆ, ನೀರಿನ ಹೂಜಿ ಊಟದ ಮೇಜಿನ ನಡುವೆ ಕಾಯಂ ಆಗಿದೆ. ಶಾಲೆಯಿಂದ ಬಂದ ಮಕ್ಕಳು ಮೊದಲು ಕಣ್ಣಿಗೆ ಬಿದ್ದದ್ದನ್ನೇ ತಿನ್ನುತ್ತಾರೆ. ಆದ್ದರಿಂದ ಕಣ್ಣಿಗೆ ಏನು ಬೀಳಬೇಕು ಎಂಬುದನ್ನು ನಾವು ನಿರ್ಧರಿಸಿದ್ದೇವೆ, ಅಷ್ಟೇ. ದ್ರಾಕ್ಷಿಯನ್ನು ಮಾತ್ರ ಇಡಿಯಾಗಿ ಇಡುವುದಿಲ್ಲ. ಚಿಕ್ಕ ಮಕ್ಕಳ ಗಂಟಲಲ್ಲಿ ಅದು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಉದ್ದಕ್ಕೆ ಸೀಳಿ ಇಡುತ್ತೇನೆ.

ಸಿಹಿ ಪಾನೀಯಗಳನ್ನು ಮನೆಗೆ ತರುವುದು ಪೂರ್ತಿ ನಿಂತಿದೆ. ಇದಕ್ಕೆ ಮಗನನ್ನು ಒಪ್ಪಿಸಿದ್ದು ಲೆಕ್ಕ. ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1,800 ಕ್ಯಾಲೊರಿ ಎಂದು ಹಿಡಿದರೆ ಶೇಕಡಾ 10 ಎಂದರೆ 45 ಗ್ರಾಂ. 330 ಮಿಲಿಲೀಟರ್‌ನ ಒಂದು ಕೋಲಾ ಡಬ್ಬಿಯಲ್ಲೇ ಸುಮಾರು 35 ಗ್ರಾಂ ಇರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಮಗ ತಾನೇ ಅಷ್ಟು ಸಕ್ಕರೆ ತೂಗಿ ಬಟ್ಟಲಿಗೆ ಸುರಿದು, ಬಹಳ ಹೊತ್ತು ನೋಡುತ್ತ ಕುಳಿತ. ನಾನು ಏನೂ ಸೇರಿಸಲಿಲ್ಲ. ಹಣ್ಣಿನ ರಸದ ಸಕ್ಕರೆಯೂ ಜೇನುತುಪ್ಪವೂ ಇದೇ ಲೆಕ್ಕಕ್ಕೆ ಬರುತ್ತವೆ, ಇಡೀ ಹಣ್ಣು ಬರುವುದಿಲ್ಲ. ಹೀಗಾಗಿ ರಸ ಹಿಂಡುವ ಯಂತ್ರವೂ ಮೇಲಿನ ಅರೆ ಸೇರಿತು.

ಈ ಅವಧಿಯ ದೊಡ್ಡ ಕೆಲಸ ಬೀಟ್‌ರೂಟ್. ಎರಡರಿಂದ ಆರು ವರ್ಷದವರೆಗೆ ಹೊಸ ಆಹಾರಕ್ಕೆ ಹೆದರುವುದು ಮಕ್ಕಳಲ್ಲಿ ಸಹಜ. ಅದನ್ನು ಹಟ ಎಂದು ಕರೆದರೆ ಮಗುವಿಗೆ ಅನ್ಯಾಯ. ಮತ್ತೆ ಮತ್ತೆ ಎದುರಿಗಿಟ್ಟರೆ ಪರಿಚಯ ಬೆಳೆಯುತ್ತದೆ, ಎಷ್ಟೋ ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗುತ್ತದೆ. ನಾವು ಇಡುವುದು ಹೆಬ್ಬೆರಳಿನ ಉಗುರಿನಷ್ಟು ಚೂರು, ತಟ್ಟೆಯ ಅಂಚಿನಲ್ಲಿ. ಮಗಳು ಮೊದಲು ಅದನ್ನು ಬೆರಳಿನಿಂದ ಆಚೆ ನೂಕಿದಳು. ಇನ್ನೊಮ್ಮೆ ಮೂಸಿ ನೋಡಿ "ಅಮ್ಮಾ, ಇದು ಮಣ್ಣಿನ ವಾಸನೆ" ಎಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಬೀಟ್‌ರೂಟ್‌ಗೆ ಆ ವಾಸನೆ ಬರುವುದು ಜಿಯೋಸ್ಮಿನ್ ಎಂಬ ವಸ್ತುವಿನಿಂದ, ಮಳೆ ಬಿದ್ದಾಗ ನೆಲದಿಂದ ಏಳುವ ಘಮದಲ್ಲೂ ಇರುವುದು ಅದೇ. ಅದನ್ನು ಕೇಳಿದ ಮೇಲೆ ಅವಳಿಗೆ ಚೂರಿನ ಮೇಲೆ ಕುತೂಹಲ ಹುಟ್ಟಿತು. ಮುಂದೆ ತುರಿಯುವಾಗ ಪಕ್ಕದಲ್ಲಿ ನಿಂತಳು, ಕೆಂಪಾದ ಬೆರಳನ್ನು ಕಾಗದಕ್ಕೆ ಒತ್ತಿ ಚಿತ್ರ ಮಾಡಿದಳು, ಚೂರನ್ನು ತುಟಿಗೆ ತಾಗಿಸಿ ಕೆಳಗಿಟ್ಟಳು. ಹಸಿಯಾಗಿ ಬೇಡವೆಂದದ್ದನ್ನು ಒಲೆಯಲ್ಲಿ ಸುಟ್ಟು ಕೊಟ್ಟಾಗ, ಅದರ ಸಿಹಿ ಮೇಲೆದ್ದು ಬಂದಿತ್ತು, ಅಗಿದು ನುಂಗಿದಳು. ಚಪ್ಪಾಳೆ ತಟ್ಟಬಾರದೆಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ಎಲ್ಲರೂ ತಮ್ಮ ಪಾಡಿಗೆ ತಿನ್ನುತ್ತಿದ್ದರು.

"ಇದನ್ನು ತಿಂದರೆ ಅದು ಕೊಡುತ್ತೇನೆ" ಎಂಬ ಆಮಿಷವನ್ನೂ ಇದೇ ಕಾರಣಕ್ಕೆ ಇಟ್ಟುಕೊಂಡಿಲ್ಲ. ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಲ್ಲಿ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳಲ್ಲಿ, ಬಹುಮಾನದ ಆಸೆಗೆ ತಿಂದ ಆಹಾರದ ಮೇಲೆ ಮಕ್ಕಳ ಒಲವು ಕಡಿಮೆಯಾಗಿದ್ದು ಕಂಡುಬಂತು. ತರಕಾರಿಗೆ ಸಿಹಿಯನ್ನು ಲಂಚವಾಗಿ ಕೊಟ್ಟರೆ ತರಕಾರಿ ಶಿಕ್ಷೆಯಾಗುತ್ತದೆ, ಸಿಹಿ ಪದಕವಾಗುತ್ತದೆ.

ಅತ್ತೆಯವರೊಂದಿಗೆ ಮಾತುಕತೆ ನಿಧಾನವಾಗಿ ಸಾಗಿತು. "ಇನ್ನೊಂದು ತುತ್ತು" ಎನ್ನುವುದು ಅವರ ಪ್ರೀತಿಯ ಭಾಷೆ, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಜವಾಬ್ದಾರಿಯ ಹಂಚಿಕೆಯನ್ನು ಅವರ ಮುಂದಿಟ್ಟೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ತಿನ್ನಬೇಕೇ, ಎಷ್ಟು ಎಂಬುದು ಮಗುವಿನದು. "ಹಾಗಾದರೆ ಹೊಟ್ಟೆ ತುಂಬಿತೆಂದು ಮಗು ಹೇಳಿದರೆ ನಂಬಬೇಕು ಅನ್ನುತ್ತೀಯಾ?" ಎಂದು ಕೇಳಿದರು. "ನಂಬೋಣ ಅತ್ತೆ, ಎರಡು ಗಂಟೆಯಲ್ಲಿ ಮತ್ತೆ ತಿನ್ನಲು ಸಿಗುತ್ತದಲ್ಲ" ಎಂದೆ. ಈಗ ಮಗಳ ಜೊತೆ ಕುಳಿತು ಅವರೆಕಾಳು ಬಿಡಿಸುವುದು, ಸೊಪ್ಪು ಸೋಸುವುದು ಅವರ ಪಾಲಿನ ಕೆಲಸ. ಮಗು ಕೈಯಾರೆ ಸೋಸಿದ ಸೊಪ್ಪು ತಟ್ಟೆಯಲ್ಲಿ ಉಳಿಯುವುದು ಅಪರೂಪ.

ಇನ್ನು ಆಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತಹ ಚಟುವಟಿಕೆ, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಗಳ ವಯಸ್ಸಿನವರಿಗೆ ದಿನವಿಡೀ ಹಂಚಿಕೊಂಡು 180 ನಿಮಿಷದ ಓಡಾಟ, ಅದರಲ್ಲಿ 60 ನಿಮಿಷ ಬಿರುಸಿನದು. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಮಗಳಿಗೆ ಇದು ಕಷ್ಟವೇ ಅಲ್ಲ, ಬಾಗಿಲು ತೆರೆದರೆ ಸಾಕು. ಮಗನಿಗೆ ಹಗ್ಗದಾಟ ಹಿಡಿಸಿತು. ಹಗ್ಗದ ನಡುವೆ ಕಾಲಿಟ್ಟು ನಿಂತಾಗ ಹಿಡಿಗಳು ಕಂಕುಳಿನ ಮಟ್ಟಕ್ಕೆ ಬರಬೇಕು. ಅಳತೆ ಸರಿಯಾದ ಮೇಲೆ ಕಾಲಿಗೆ ತೊಡರುವುದು ತಪ್ಪಿ ಅವನಿಗೆ ಲಯ ಸಿಕ್ಕಿತು. ನೆಲಕ್ಕೆ ಪಾದ ಬಡಿಯುವ ಆಟಗಳು ಮೂಳೆಗೆ ಒಳ್ಳೆಯವು, ಬೆಳೆಯುವ ವಯಸ್ಸಿನಲ್ಲಿ ಕೂಡಿಟ್ಟ ಮೂಳೆಯ ಬಲ ಮುಂದೆ ಬಹುಕಾಲ ಕೈಹಿಡಿಯುತ್ತದೆ.

ರಾತ್ರಿ ಊಟದ ಮೊದಲು ಐವರೂ ಸೇರಿ ನಡೆಯುತ್ತೇವೆ. ವೇಗದ ಅಳತೆಗೆ ಉಪಕರಣ ಬೇಕಿಲ್ಲ: ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ ವೇಗ. ಮಗ ಆಗಾಗ ಹಾಡಲು ಶುರುಮಾಡಿ ನಮ್ಮನ್ನು ಪರೀಕ್ಷಿಸುತ್ತಾನೆ. ಇದರಿಂದ ನನಗೂ ಪತಿಗೂ ವಾರದ 150 ನಿಮಿಷ ಸಲೀಸಾಗಿ ತುಂಬುತ್ತಿದೆ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದು ಓದಿದ ಮೇಲೆ, ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವ ಆಟ ಸೇರಿಸಿದೆವು. ಅಜ್ಜಿ ಮತ್ತು ಮೊಮ್ಮಗಳ ನಡುವೆ ಪೈಪೋಟಿ ಜೋರಾಗಿದೆ.

ಗೋಡೆಯ ಪಟ್ಟಿಯಲ್ಲಿ ಯಾರ ತೂಕವನ್ನೂ ಬರೆಯುವುದಿಲ್ಲ. ಮಗನ ಗೆಳೆಯರ ಮನೆಗಳಲ್ಲಿ ಮಕ್ಕಳ ಮೈಕಟ್ಟಿನ ಬಗ್ಗೆ ಆಡುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆಳೆಯುವ ಮಗುವಿನ ತೂಕ ಏರಲೇಬೇಕು. ಅದು ಎತ್ತರಕ್ಕೆ ಹೊಂದಿಕೊಂಡಿದೆಯೇ ಎಂದು ನೋಡಲು ವೈದ್ಯರ ಬಳಿ ಬೆಳವಣಿಗೆಯ ನಕ್ಷೆ ಇದೆ. ನಮ್ಮ ಪಟ್ಟಿಯಲ್ಲಿರುವುದು ಹೊಸದಾಗಿ ರುಚಿ ನೋಡಿದ ತರಕಾರಿಯ ಹೆಸರು, ಆಡಿದ ಆಟ, ಮಲಗಿದ ಹೊತ್ತು. ನಿದ್ದೆಯನ್ನು ಮಗನೇ ಸೇರಿಸಿದ. ನಿದ್ದೆಗೆಟ್ಟ ಮರುದಿನ ಹಗ್ಗ ಭಾರವಾಗುತ್ತದೆ ಎಂಬುದು ಅವನ ಅನುಭವ.

ಬಾಕಿ ಇರುವುದು ಮಳೆಯ ದಿನಗಳು. ಒಳಗೆ ಕೂತರೆ ಮಗ ಮೊಬೈಲ್ ಹುಡುಕುತ್ತಾನೆ. ಕುರ್ಚಿ, ದಿಂಬು ಬಳಸಿ ಅಡೆತಡೆಯ ಓಟವನ್ನು ಪತಿ ಒಮ್ಮೆ ಏರ್ಪಡಿಸಿದ್ದರು. ಚೆನ್ನಾಗಿ ನಡೆಯಿತು, ಆದರೆ ಪ್ರತಿ ಸಲ ಜೋಡಿಸಲು ಸಮಯ ಹಿಡಿಯುತ್ತದೆ. ಮುಂದಿನ ಹಂತಕ್ಕೆ ಮೂರು ಕೆಲಸ ಗೊತ್ತುಮಾಡಿದ್ದೇವೆ: ಮನೆಯೊಳಗಿನ ಆಟಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಮಗನ ಸೈಕಲ್ಲಿನ ಬ್ರೇಕ್ ಸರಿಮಾಡಿಸುವುದು, ಮತ್ತು ಮಗಳೇ ಆರಿಸಿರುವ ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ತರುವುದು.