ಕಾರಣ ಇಲ್ಲ ಎಂದು ಬರೆದುಕೊಟ್ಟ ನಾನು

ಕಾರವಾರದಲ್ಲಿ ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಬ್ಯಾಂಕಿನವು, ವಿಮೆಯವು, ಕೋರ್ಟಿನವು.

ಒಮ್ಮೆ ಬೈತಖೋಲದ ಬೋಟ್ ಮಾಲೀಕರೊಬ್ಬರು ವಿಮಾ ಕಂಪನಿಯ ಪತ್ರ ತಂದರು. ಮೇ ಕೊನೆಯ ಗಾಳಿಮಳೆಗೆ ಬೋಟ್ ಹಾಳಾಗಿತ್ತು. ಪರಿಹಾರದ ಅರ್ಜಿ ಹೋದದ್ದು ಆಗಸ್ಟ್‌ನಲ್ಲಿ. ಪತ್ರದಲ್ಲಿದ್ದ ಮಾತು 'ಅನ್‌ರೀಸನಬಲ್ ಡಿಲೇ'. ರೀಸನ್ ಅಂದರೆ ಕಾರಣ, ವಿರುದ್ಧ ಪದ ನಿಷ್ಕಾರಣ. ಶಾಲೆಯಲ್ಲಿ ಕಲಿತದ್ದು ಹಾಗೇ ಅಲ್ವಾ? 'ಕಾರಣವಿಲ್ಲದೆ ತಡ ಮಾಡಿದ್ದೀರಿ' ಎಂದು ಬರೆದುಕೊಟ್ಟೆ.

ಓದಿ ಅವರ ಮುಖ ಸಣ್ಣದಾಯಿತು. "ಕಾರಣ ಇಲ್ಲ ಅಂದ್ರೆ ಹೇಗೆ ತಮ್ಮಾ? ಪಂಚನಾಮೆ ತಡವಾಗಿ ಸಿಕ್ತು ಅಂತ ಬರೆದೇ ಕೊಟ್ಟಿದ್ದೆ." ಅದನ್ನೇ ಮತ್ತೊಮ್ಮೆ ಬರೆದು ಕಳಿಸಿದರು. ಕಂಪನಿ ಒಪ್ಪಲಿಲ್ಲ.

ಆಗ ಮೂಲ ಪತ್ರವನ್ನು ನಿಧಾನಕ್ಕೆ ಓದಿದೆ. ಕಾರಣ ಇಲ್ಲ ಎಂದು ಕಂಪನಿಯವರು ಹೇಳಿಯೇ ಇರಲಿಲ್ಲ. ಕಾರಣ ಸರಿ, ಆದರೆ ಅದಕ್ಕೆ ಇಷ್ಟೊಂದು ದಿನ ಬೇಕಿತ್ತೇ ಎಂಬುದು ಅವರ ತಕರಾರು. 'ಸಮಂಜಸವಲ್ಲದ ತಡ' ಎಂದು ಬರೆಯಬೇಕಿತ್ತು.

ರೀಸನ್ ಎಂಬ ಒಂದೇ ಪದಕ್ಕೆ ನಮ್ಮಲ್ಲಿ ಕಾರಣ, ವಿವೇಕ, ತರ್ಕ ಎಲ್ಲ ಇವೆ. ಒಂದೊಂದರ ಎದುರು ಪದವೂ ಬೇರೆ. ಕಾರಣದ ಎದುರು ಪರಿಣಾಮವನ್ನೂ ಇಡಬಹುದು, ನಿಷ್ಕಾರಣವನ್ನೂ ಇಡಬಹುದು. ಅವಿವೇಕದಲ್ಲಿ ವಿವೇಕ ಇಲ್ಲ. ಕುತರ್ಕದಲ್ಲಿ ತರ್ಕ ಇದೆ, ಆದರೆ ಡೊಂಕು. ಬುದ್ಧಿಗೇಡಿತನ ನೋಡಿ, ಇದ್ದ ಬುದ್ಧಿ ಕೆಟ್ಟದ್ದು. ನನಗೆ ಇಷ್ಟವಾದದ್ದು 'ಸುಮ್ನೆ'. "ಯಾಕೆ ಬಂದೆ?" "ಸುಮ್ನೆ ಬಂದೆ." ಇಲ್ಲಿ ಕಾರಣ ಇಲ್ಲ, ತಪ್ಪೂ ಇಲ್ಲ. 'ವಿನಾಕಾರಣ' ಅಂದ ಕೂಡಲೇ ಯಾರದೋ ಮೇಲೆ ದೂರು ಬಂತು. ನಾನು ಆ ಮಾಲೀಕರ ಮೇಲೆ ಹೊರಿಸಿದ್ದು ಅಂಥದ್ದೇ ದೂರು, ಅದೂ ಕಂಪನಿ ಹೊರಿಸದೇ ಇದ್ದದ್ದು.

ಮರುದಿನ ಅವರನ್ನು ಕರೆದು ತಪ್ಪು ನನ್ನದು ಎಂದು ಹೇಳಿದೆ. ಇಬ್ಬರೂ ಕೂತು ದಿನದಿನದ ಲೆಕ್ಕ ಬರೆದೆವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನ ಕೆಲಸಗಾರರು ತಮ್ಮ ತಮ್ಮ ಊರಿಗೆ ಹೋಗಿದ್ದರು. ಅವರ ಹೇಳಿಕೆ ಇಲ್ಲದೆ ಅರ್ಜಿ ಪೂರ್ತಿಯಾಗುತ್ತಿರಲಿಲ್ಲ. ಈ ಮಾತು ಮೊದಲ ಎರಡು ಪತ್ರಗಳಲ್ಲಿ ಬಂದೇ ಇರಲಿಲ್ಲ. ಕಾರಣ ಇದೆಯೋ ಇಲ್ಲವೋ ಎಂಬುದರಲ್ಲೇ ನಾವು ಸಿಕ್ಕಿಕೊಂಡಿದ್ದೆವು.

ಹಣ ಬಂದಾಗ ದೀಪಾವಳಿ ಕಳೆದಿತ್ತು. ಈಗ ಯಾರದೇ ಪತ್ರ ಇರಲಿ, ಬರೆಯುವ ಮೊದಲು ಅವರನ್ನು ಎದುರು ಕೂರಿಸಿ ಬಾಯಲ್ಲಿ ಹೇಳುತ್ತೇನೆ. ಏನು ಅರ್ಥವಾಯಿತು ಎಂದು ಅವರಿಂದಲೇ ಕೇಳಿ, ಆಮೇಲೆ ಟೈಪ್ ಮಾಡುತ್ತೇನೆ.