ಕಂಪನಿ ಕೆಲಸಕ್ಕೆ ಸ್ವಂತ ಕಾರು: ಕಿಲೋಮೀಟರಿಗೆ ಎಷ್ಟು ಕೇಳಬೇಕು?

ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ಬೀಜ ಕಂಪನಿಯೊಂದರ ಪರವಾಗಿ ಗದಗ, ರೋಣ, ಹಾವೇರಿ, ರಾಣೆಬೆನ್ನೂರು ಕಡೆಯ ಹೊಲಗಳಿಗೆ ನನ್ನದೇ ಕಾರಿನಲ್ಲಿ ಓಡಾಡುವ ನನಗೆ, ಹೊಸದಾಗಿ ಈ ಕೆಲಸಕ್ಕೆ ಸೇರಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಪೆಟ್ರೋಲ್ ಬಿಲ್ ಕೊಡ್ತಾರಲ್ರೀ, ಅದು ಸಾಲೂದಿಲ್ಲೇನು?" ಸಾಲುವುದಿಲ್ಲ ಎಂಬುದೇ ನನ್ನ ಉತ್ತರ. ಪೆಟ್ರೋಲ್ ಕಾರಿನ ನಿಜವಾದ ಖರ್ಚಿನ ಅರ್ಧದಷ್ಟು ಮಾತ್ರ.

ನನ್ನ ಕಾರಿನ ಲೆಕ್ಕವನ್ನೇ ಇಡುತ್ತೇನೆ. 8 ಲಕ್ಷ ರೂಪಾಯಿಗೆ ಕೊಂಡದ್ದನ್ನು ಎಂಟು ವರ್ಷದಲ್ಲಿ 1.2 ಲಕ್ಷ ಕಿಲೋಮೀಟರ್ ಓಡಿಸಿ 2.5 ಲಕ್ಷಕ್ಕೆ ಮಾರಿದರೆ, ಕರಗಿಹೋದ 5.5 ಲಕ್ಷ ಕಿಲೋಮೀಟರಿಗೆ 4 ರೂಪಾಯಿ 58 ಪೈಸೆಯಾಗುತ್ತದೆ. 40,000 ಕಿಲೋಮೀಟರಿಗೊಮ್ಮೆ ಬದಲಿಸುವ ನಾಲ್ಕು ಟೈರುಗಳ 20,000 ರೂಪಾಯಿ ಎಂದರೆ 50 ಪೈಸೆ, 10,000 ಕಿಲೋಮೀಟರಿಗೊಮ್ಮೆ ಮಾಡಿಸುವ ಸರ್ವಿಸಿನ 6,000 ಎಂದರೆ 60 ಪೈಸೆ, ವರ್ಷಕ್ಕೆ 15,000 ಕಿಲೋಮೀಟರ್ ಓಟಕ್ಕೆ 15,000 ರೂಪಾಯಿ ವಿಮೆ ಎಂದರೆ 1 ರೂಪಾಯಿ. ಲೀಟರಿಗೆ 103 ರೂಪಾಯಿ, 15 ಕಿಲೋಮೀಟರ್ ಮೈಲೇಜು ಹಿಡಿದರೆ ಪೆಟ್ರೋಲಿಗೆ 6 ರೂಪಾಯಿ 87 ಪೈಸೆ. ಒಟ್ಟು 13 ರೂಪಾಯಿ 55 ಪೈಸೆ. ಕಾರಿನ ಸಾಲದ ಬಡ್ಡಿಯನ್ನು ನಾನಿಲ್ಲಿ ಸೇರಿಸಿಲ್ಲ. ಮನೆಯಿಂದ ಕಚೇರಿಗೆ ಹೋಗಿಬರುವ ದೂರವನ್ನೂ ಯಾರೂ ಸೇರಿಸಬಾರದು. ಅದು ನಮ್ಮದೇ ಖರ್ಚು.

ಈ ಲೆಕ್ಕ ನನಗೆ ಮನವರಿಕೆಯಾದದ್ದು ಪೆಟ್ಟು ತಿಂದ ಮೇಲೆ. ರೋಣದ ಸೀಮೆಯಲ್ಲಿ ಮಳೆ ಬಿದ್ದ ಮರುದಿನ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನವರೆಗೆ ತುಂಬುತ್ತದೆ. ಅಂಥ ಒಂದು ಹೊಲದ ದಾರಿಯಲ್ಲಿ ಕಾರಿನ ತಳ ಕಲ್ಲಿಗೆ ಬಡಿಯಿತು. ಮಿಸ್ತ್ರಿ ಬಂದು ಬಗ್ಗಿ ನೋಡಿ, "ಎಂಜಿನ್ ಆಯಿಲ್ ಚೇಂಬರ್ ಒಡದೈತ್ರೀ, ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದ. ಹೋದದ್ದು ಕಂಪನಿಯ ಕೆಲಸಕ್ಕೆ, ಆದರೆ ದುರಸ್ತಿಯ ಬಿಲ್ ನನ್ನ ಪಾಲಿಗೆ ಬಂತು, ಏಕೆಂದರೆ ಮೊದಲೇ ಏನನ್ನೂ ಬರೆಸಿಕೊಂಡಿರಲಿಲ್ಲ. ವಿಮೆಗೆ ಕ್ಲೇಮ್ ಹಾಕಿದರೆ ವರ್ಷಗಟ್ಟಲೆ ಕಾಯ್ದು ಗಳಿಸಿದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗಾಗಿ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಮೊದಲ ವರ್ಷ 20 ಶೇಕಡಾದಿಂದ ಆರಂಭವಾಗಿ 50 ಶೇಕಡಾದವರೆಗೆ ಏರುವ ಆ ರಿಯಾಯಿತಿ ಸಾಮಾನ್ಯವಾಗಿ ಒಂದೇ ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ.

ವಿಮೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದಕ್ಕೂ, ಮಾದರಿ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದಕ್ಕೂ ರಕ್ಷಣೆ ಇರುವುದಿಲ್ಲ. ಮಾದರಿ ಬೀಜದ ಪೊಟ್ಟಣ ಒಯ್ಯಬಹುದು. ಅಂಗಡಿಗೆ ಮುಟ್ಟಿಸಲು ಡಿಕ್ಕಿ ತುಂಬ ಚೀಲ ಹೇರಿಕೊಳ್ಳಲು ಮೇಲಿನವರು ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ.

ಅಂದಿನಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ಡೈರಿ ಇಟ್ಟಿದ್ದೇನೆ. ಹೊರಡುವಾಗ ಮೀಟರ್ 61,240, ಮರಳಿದಾಗ 61,452, ಗದಗ ಮತ್ತು ರೋಣ, ಯಾವ ಹೊಲ, ಯಾವ ಕೆಲಸ ಎಂದು ಅಂದಂದೇ ಬರೆಯುತ್ತೇನೆ. ಆ ದಿನದ 212 ಕಿಲೋಮೀಟರಿಗೆ ಪೆಟ್ರೋಲ್ ಸುಮಾರು 1,455 ರೂಪಾಯಿ, ಪೂರ್ತಿ ಖರ್ಚು ಸುಮಾರು 2,870. ಟೋಲ್ ಬೇರೆ, ಅದಕ್ಕೆ ಫಾಸ್ಟ್ಯಾಗ್ ಖಾತೆಯ ವಿವರವೇ ಸಾಕ್ಷಿ. ಈ ಬರವಣಿಗೆ ತೆರಿಗೆಗೂ ಬೇಕು: ನಿಯಮದಲ್ಲಿ ಹೇಳಿದ ಮಾಸಿಕ ಮಿತಿಯನ್ನು ಮೀರಿ ಕಂಪನಿ ಕಾರಿನ ಖರ್ಚಿಗೆ ಕೊಡುವ ಮೊತ್ತ ನಮ್ಮ ಸಂಬಳದ ಆದಾಯಕ್ಕೆ ಸೇರದಿರಬೇಕಾದರೆ ಪ್ರಯಾಣದ ದಿನ, ಸ್ಥಳ, ದೂರ, ವೆಚ್ಚಗಳ ದಾಖಲೆಯೂ ಕಂಪನಿಯ ಪ್ರಮಾಣಪತ್ರವೂ ಇರಲೇಬೇಕು.

ಮೂರು ತಿಂಗಳ ಡೈರಿಯನ್ನು ವ್ಯವಸ್ಥಾಪಕರ ಮುಂದಿಟ್ಟಾಗ ಅವರೇ ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡಿದರು. ಈಗ ನನಗೆ ಕಿಲೋಮೀಟರಿಗೆ 12 ರೂಪಾಯಿ ಸಿಗುತ್ತದೆ. ಪೆಟ್ರೋಲ್ ದರ ಏರಿದರೆ ಅದನ್ನೂ ಏರಿಸಬೇಕೆಂದು ಬರೆಸಿಕೊಂಡಿದ್ದೇನೆ. ಕೆಲಸದ ಮೇಲಿದ್ದಾಗ ಕಾರಿಗೆ ಪೆಟ್ಟಾದರೆ ಹೋಗುವ ಬೋನಸ್ಸನ್ನು ಯಾರು ತುಂಬಿಕೊಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ, ಅದರ ಬಗ್ಗೆ ನಾನು ಬರೆದ ಪತ್ರ ವ್ಯವಸ್ಥಾಪಕರ ಮೇಜಿನ ಮೇಲಿದೆ.