ಮಿಲ್ಟನ್ ಹೋದ್ಮೇಲೆ ಎಸಿ ಹಾಕಿದ ದಿನ

ಟ್ಯಾಂಪಾ, ಫ್ಲಾರಿಡಾ, ಅಕ್ಟೋಬರ್ 11, 2024, ಶುಕ್ರವಾರ

ಸಂಜೆ ನಾಲ್ಕಕ್ಕೆ ಕರೆಂಟ್ ಬಂತು. ಹತ್ತು ನಿಮಿಷಕ್ಕೆ ಹೋಯ್ತು, ಮತ್ತೆ ಬಂತು. "ಎಸಿ ಹಾಕೋ, ಬೆವತು ಬೆವತು ಸಾಕಾಯ್ತು" ಅಂದ್ಲು ಅಮ್ಮ. ಇನ್ನರ್ಧ ಗಂಟೆ ತಡಿಯಮ್ಮ ಅಂದೆ. ದಾವಣಗೆರೆ ಬಿಸಿಲು ಕಂಡವಳು ಅವಳು, ಆದ್ರೆ ಇಲ್ಲಿಯ ಅಂಟು ಸೆಖೆ ಬೇರೆ ಥರ, ಕಿಟಕಿ ತೆಗೆದಿಟ್ರೂ ಹಾಸಿಗೆಯೆಲ್ಲಾ ಒದ್ದೆ ಅನ್ಸುತ್ತೆ, ಬಿಪಿ ಮಾತ್ರೆ ತಗೊಳ್ಳೋ ಜೀವ ಮನೇಲಿರುವಾಗ ಗಾಳಿಗಿಂತ ಆಮೇಲಿನ ಈ ಸೆಖೆಗೇ ನಾನು ಹೆದರಿದ್ದೆ.

ಸೋಮವಾರ ಮಿಲ್ಟನ್ ಚಂಡಮಾರುತ ಕೆಟಗರಿ 5, ಅಂದ್ರೆ ಅತಿ ಜೋರಿನ ದರ್ಜೆ, ಆಯ್ತು ಅಂತ ಗೊತ್ತಾದ ತಕ್ಷಣ ಹಿತ್ತಲಿಗೆ ಹೋಗಿ ಎಸಿಯ ಔಟ್‌ಡೋರ್ ಯೂನಿಟ್ ನೋಡ್ದೆ. 1992ರ ಆಂಡ್ರ್ಯೂ ಚಂಡಮಾರುತ ಆದ್ಮೇಲೆ ಫ್ಲಾರಿಡಾದಲ್ಲಿ ಬಿಲ್ಡಿಂಗ್ ಕೋಡ್ ಬಿಗಿ ಮಾಡಿದಾರೆ, ಯೂನಿಟ್ಟನ್ನ ಕೆಳಗಿನ ಕಾಂಕ್ರೀಟ್ ಕಟ್ಟೆಗೆ ಬಿಗಿದಿರಲೇಬೇಕು. ನಮ್ಮದಕ್ಕೂ ನಾಲ್ಕು ಮೂಲೇಲಿ ಬ್ರಾಕೆಟ್ ಇತ್ತು, ದೂರದಿಂದ ಗಟ್ಟಿಯಾಗೇ ಕಾಣ್ತಿತ್ತು. ಒಂದನ್ನ ಹಿಡಿದು ಅಲ್ಲಾಡಿಸಿದ್ರೆ ಕೈಗೇ ಬಂತು, ಸ್ಕ್ರೂ ತುಕ್ಕು ತಿಂದು ಬರೀ ಕೆಂಪು ಪುಡಿ. ಇನ್ನೊಂದೂ ಅಷ್ಟೇ. ಸ್ಟೇನ್‌ಲೆಸ್ ಸ್ಟೀಲಿನ ಕಾಂಕ್ರೀಟ್ ಸ್ಕ್ರೂ ತಂದು ನಾಲ್ಕನ್ನೂ ಹೊಸದಾಗಿ ಹಾಕ್ದೆ. ಕಟ್ಟೆ ಕಡೆ ಉದ್ದದ ಸ್ಕ್ರೂ, ಯೂನಿಟ್ ಕಡೆ ಮಾತ್ರ ಗಿಡ್ಡದು, ಯಾಕಂದ್ರೆ ತಗಡಿನ ಹಿಂದೇನೇ ಗ್ಯಾಸ್ ಹರಿಯೋ ಕೊಳವೆ, ಕಾಯಿಲ್, ಇರುತ್ತೆ, ಉದ್ದದ ಸ್ಕ್ರೂ ಹೋಗಿ ಅದಕ್ಕೆ ಚುಚ್ಚಿದ್ರೆ ಗ್ಯಾಸ್ ಎಲ್ಲಾ ಹೋಯ್ತು ಅಂತಾನೇ ಲೆಕ್ಕ.

ಹೂಕುಂಡ, ಕುರ್ಚಿ, ಮಕ್ಕಳ ಸೈಕಲ್ ಎಲ್ಲಾ ಒಳಗೆ. ಟಾರ್ಪಾಲು ಹೊದಿಸಲಿಲ್ಲ, ಆ ಗಾಳಿಗೆ ಅದು ಬಿಚ್ಚಿಕೊಂಡು ಹಾರುತ್ತೆ, ಮರೆತು ಅದು ಹೊದ್ದಿರುವಾಗ್ಲೇ ಯೂನಿಟ್ ಆನ್ ಮಾಡಿದ್ರಂತೂ ಬಿಸಿಗಾಳಿ ಹೊರಗೆ ಹೋಗೋಕೆ ದಾರೀನೇ ಇರಲ್ಲ.

ಬುಧವಾರ ಮಧ್ಯಾಹ್ನದಿಂದ್ಲೇ ಕರ್ಟನ್ ಎಳೆದು 68 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು ಮನೆ ತಣ್ಣಗೆ ಮಾಡ್ಕೊಂಡ್ವಿ, ಸಂಜೆ ಐದಕ್ಕೆ ಥರ್ಮೋಸ್ಟಾಟ್ ಆಫ್, ಆಮೇಲೆ ಬ್ರೇಕರನ್ನೂ ಇಳಿಸ್ದೆ. ರಾತ್ರಿ ಎಂಟೂವರೆ ಹೊತ್ತಿಗೆ ನಮ್ಮಿಂದ ದಕ್ಷಿಣಕ್ಕೆ ಸಿಯೆಸ್ಟಾ ಕೀ ಅನ್ನೋ ದ್ವೀಪದ ಹತ್ರ ಮಿಲ್ಟನ್ ಕೆಟಗರಿ 3 ಆಗಿ ದಡ ಹತ್ತಿತು. ಆ ರಾತ್ರಿ ಬಗ್ಗೆ ಬರೆಯೋ ಶಕ್ತಿ ಇನ್ನೂ ಇಲ್ಲ.

ಗುರುವಾರ ಬೆಳಿಗ್ಗೆ ನೋಡಿದ್ರೆ ಪಕ್ಕದ ಓಕ್ ಮರದ ಕೊಂಬೆ ಯೂನಿಟ್ಟಿಗೆ ಒರಗಿ ಬಿದ್ದಿತ್ತು, ಯೂನಿಟ್ ಒಂದಿಂಚೂ ಸರಿದಿರಲಿಲ್ಲ. ಕಟ್ಟೆ ಅಂಚಿನವರೆಗೆ ನೀರು ಬಂದು ನಿಂತಿದ್ದ ಕೆಸರಿನ ಗೆರೆ, ಅದರ ಮೇಲೆ ಎಲ್ಲೂ ಇಲ್ಲ. ಜೀವ ಬಂದಂಗಾಯ್ತು. ಎರಡು ವಾರದ ಹಿಂದೆ ಹೆಲೀನ್ ಚಂಡಮಾರುತ ಬಂದಾಗ ಸೇಂಟ್ ಪೀಟರ್ಸ್‌ಬರ್ಗಿನ ಶೋರ್ ಏಕರ್ಸ್‌ನಲ್ಲಿರೋ ಗೆಳೆಯನ ಯೂನಿಟ್ ಸಮುದ್ರದ ನೀರಲ್ಲಿ ಮುಳುಗಿತ್ತು, ಉಪ್ಪು ನೀರು ವೈರು ಮೋಟಾರು ಎಲ್ಲಾ ತಿಂದು ಹಾಕುತ್ತೆ, ಒಣಗಿದ್ರೂ ಆನ್ ಮಾಡ್ಲೇಬೇಡಿ, ಹೊಸದೇ ಹಾಕ್ಸಿ ಅಂದ್ರಂತೆ ಮೆಕ್ಯಾನಿಕ್ಕು.

ಮೇಲಿನ ಜಾಲರಿಗೆ ಟಾರ್ಚ್ ಬಿಟ್ಟು ನೋಡಿದಾಗ ಬೆರಳು ಗಾತ್ರದ ಕಡ್ಡಿಯೊಂದು ಫ್ಯಾನ್ ರೆಕ್ಕೆ ಮಧ್ಯೆ ಸಿಕ್ಕಿಕೊಂಡಿತ್ತು. ಬ್ರೇಕರ್ ಇಳಿಸದೇ ಇದ್ದಿದ್ರೆ ಕರೆಂಟ್ ಬಂದ ಕ್ಷಣಕ್ಕೆ ಫ್ಯಾನ್ ಅಲ್ಲೇ ಜಾಮ್ ಆಗ್ತಿತ್ತು. ಯೂನಿಟ್ಟಿನ ಕರೆಂಟ್ ಕಡಿಯೋ, ಗೋಡೆ ಪಕ್ಕದ ಡಿಸ್‌ಕನೆಕ್ಟನ್ನೂ ಎಳೆದಿಟ್ಟು ಕಡ್ಡಿ ತೆಗೆದೆ, ಪೈಪಲ್ಲಿ ನಿಧಾನವಾಗಿ ನೀರು ಬಿಟ್ಟು ಎಲೆ ಎಲ್ಲಾ ತೊಳೆದೆ. ಪ್ರೆಶರ್ ವಾಷರ್ ಬೇಡ, ಕಾಯಿಲ್ ಸುತ್ತ ಇರೋ ಆ ತೆಳು ತಗಡಿನ ಫಿನ್‌ಗಳು ಮಡಚಿಕೊಂಡು ಹೋಗ್ತವೆ.

ಪಕ್ಕದ ಮನೆ ಅಜ್ಜ ಎಸಿ ಆನಲ್ಲೇ ಬಿಟ್ಟಿದ್ರು. ಇವತ್ತು ಕರೆಂಟ್ ಬಂದು ಹೋಗಿ ಬಂದಿದ್ರಲ್ಲಿ ಅವರ ಯೂನಿಟ್ ಈಗ ಬರೀ ಗುಂಯ್ ಅನ್ನುತ್ತೆ, ಫ್ಯಾನ್ ತಿರುಗಲ್ಲ. ಮೋಟಾರ್ ಶುರು ಮಾಡ್ಸೋ ಕೆಪಾಸಿಟರ್ ಹೋಗಿರ್ಬೇಕು. ಮೆಕ್ಯಾನಿಕ್ ಸಿಗೋದು ಮುಂದಿನ ವಾರವಂತೆ. ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ, ನೀವು ಬಿಚ್ಚೋಕೆ ಹೋಗ್ಬೇಡಿ ಅಂತ ಹೇಳಿ ಬ್ರೇಕರ್ ಇಳಿಸಿ ಬಂದೆ.

ನಾಲ್ಕೂಮುಕ್ಕಾಲಿಗೆ ಬ್ರೇಕರ್ ಏರಿಸ್ದೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಆ ಪರಿಚಿತ ಸದ್ದು. ಇವತ್ತು ಆಯುಧಪೂಜೆ, ಅಮ್ಮ ಕಾರಿಗೆ, ಸ್ಪ್ಯಾನರ್ ಪೆಟ್ಟಿಗೆಗೆ ಇಟ್ಟ ಅರಿಶಿನ ಕುಂಕುಮನ ಯೂನಿಟ್ ಪಕ್ಕಕ್ಕೂ ಇಟ್ಟು ಕೈ ಮುಗಿದ್ಲು. ನಾನೂ ಮುಗಿದೆ.

ಅಜ್ಜ ಅಜ್ಜಿ ಇವತ್ತು ನಮ್ಮ ಹಾಲಲ್ಲೇ ಮಲಗಿದಾರೆ. ಅವರ ಬ್ರಾಕೆಟ್ಟೂ ತುಕ್ಕು ಹಿಡಿದಿದೆ, ಡಬ್ಬಿಯಲ್ಲಿ ಇನ್ನೂ ನಾಲ್ಕು ಸ್ಕ್ರೂ ಉಳಿದಿವೆ, ಬೆಳಿಗ್ಗೆ ಬಿಸಿಲೇರೋ ಮುಂಚೆ ಹಾಕಿ ಬರ್ಬೇಕು.